ಕಲಿತ ಕೈಯ ಪರೀಕ್ಷಕರು: ಹರಿಹರ ಸೀಮೆಯ ವೃತ್ತಿ ತರಬೇತಿ ಮತ್ತು ಅದರ ಫಲ ಅಳೆದ ಬಗೆ

ವೃತ್ತಿ ತರಬೇತಿ ಎಷ್ಟು ಫಲ ಕೊಟ್ಟಿತು ಎಂಬ ಪ್ರಶ್ನೆ ಸರ್ಕಾರಿ ಕಡತಗಳಲ್ಲಿ ಕಾಣಿಸಿಕೊಂಡದ್ದು ಇಪ್ಪತ್ತನೆಯ ಶತಮಾನದಲ್ಲಾದರೂ, ಕಲಿತ ಕೈ ಎಷ್ಟು ಪಳಗಿದೆಯೆಂದು ತೂಗಿ ನೋಡುವ ಕ್ರಮ ಅದಕ್ಕಿಂತ ಬಹಳ ಹಳೆಯದು. ಆ ಕ್ರಮ ಕಾಲದಿಂದ ಕಾಲಕ್ಕೆ ಹೇಗೆ ಬದಲಾಯಿತೆಂಬುದನ್ನು ಅರಿಯಲು ದಾವಣಗೆರೆ ಜಿಲ್ಲೆಯ ಹರಿಹರ ಸೀಮೆ ತಕ್ಕ ನೆಲ. ಹಳ್ಳಿಯ ಕುಲುಮೆ, ಕಂಬಳಿಯ ಮಗ್ಗ, ಹತ್ತಿ ಗಿರಣಿ, ಲೇತ್ ತಯಾರಿಸುವ ಕಾರ್ಖಾನೆ, ಕೈಗಾರಿಕಾ ತರಬೇತಿ ಸಂಸ್ಥೆ, ಮೂರು ತಿಂಗಳ ಕೌಶಲ ಶಿಬಿರ ಇವೆಲ್ಲವೂ ಕೆಲವೇ ಹರದಾರಿಗಳ ಅಂತರದಲ್ಲಿ ಒಂದರ ಹಿಂದೆ ಒಂದರಂತೆ ಇಲ್ಲಿ ಬಂದುಹೋಗಿವೆ. ಮಲೇಬೆನ್ನೂರಿಗೆ ಸಮೀಪದ, ಬೃಹನ್ಮಠದಿಂದ ಹೆಸರಾದ ನಂದಿಗುಡಿಯೂ, ಅದರ ನೆರೆಯಲ್ಲಿ ತುಂಗಭದ್ರೆಯ ದಡದ ಮೇಲಿರುವ ಉಕ್ಕಡಗಾತ್ರಿಯೂ ಸೇರಿದಂತೆ ಈ ಭಾಗದ ಗ್ರಾಮಗಳು ಒಂದು ಕಡೆ ಭದ್ರಾ ನಾಲೆಯ ಭತ್ತದ ಬೇಸಾಯಕ್ಕೂ ಇನ್ನೊಂದು ಕಡೆ ಹರಿಹರ–ದಾವಣಗೆರೆಗಳ ಕೈಗಾರಿಕೆಗೂ ಮಕ್ಕಳನ್ನು ಕೊಟ್ಟ ಊರುಗಳಾದ್ದರಿಂದ, ತರಬೇತಿಯ ಲಾಭನಷ್ಟ ಕಡೆಗೆ ಸೇರುವುದು ಇಂತಹ ಊರಿನ ಮನೆಗಳ ಲೆಕ್ಕಕ್ಕೇ. ಈ ದೀರ್ಘ ಇತಿಹಾಸದಲ್ಲಿ ಮತ್ತೆ ಮತ್ತೆ ಎದ್ದು ನಿಲ್ಲುವ ಸಂಗತಿಗಳು ಎರಡು: ಪರೀಕ್ಷಿಸುವವರು ಯಾರು ಎಂಬುದು ಒಂದು, ಪರೀಕ್ಷೆ ನಡೆಯುವುದು ಕಲಿಕೆ ಮುಗಿದ ದಿನವೋ ವರ್ಷಗಳ ನಂತರವೋ ಎಂಬುದು ಇನ್ನೊಂದು.

ಹಳೆಯ ಗ್ರಾಮವ್ಯವಸ್ಥೆಯಲ್ಲಿ ಕಮ್ಮಾರ ಮತ್ತು ಬಡಿಗ ಆಯಗಾರರಾಗಿದ್ದರು. ಊರಿನ ಕೆಲಸ ಮಾಡಿಕೊಟ್ಟು, ಸುಗ್ಗಿಯಲ್ಲಿ ಕಣದಲ್ಲಿಯೇ ಧಾನ್ಯದ ನಿಗದಿತ ಪಾಲನ್ನು, ಎಂದರೆ ಆಯವನ್ನು, ಪಡೆಯುವ ಹಕ್ಕುಳ್ಳವರಿಗೆ ಆಯಗಾರರೆಂದು ಹೆಸರು. ಕುಲುಮೆಯ ಹುಡುಗ ಮೊದಲು ತಿದಿ ಒತ್ತುತ್ತಿದ್ದ, ತೋಳಿಗೆ ಬಲ ಬಂದ ಮೇಲೆ ಚಮ್ಮಟಿಗೆ ಬೀಸುತ್ತಿದ್ದ, ಕಾದ ಕಬ್ಬಿಣಕ್ಕೆ ಹದ ಕೊಡುವ ಕೆಲಸ ಅವನ ಕೈಗೆ ಬರುತ್ತಿದ್ದುದು ಎಲ್ಲಕ್ಕಿಂತ ಕಡೆಗೆ. ನೇಗಿಲ ಗುಳವನ್ನು ಕಾಸಿ ನೀರಿಗೆ ಅದ್ದುವಾಗ ಲೋಹದ ಮೈಮೇಲೆ ಹರಿಯುವ ಬಣ್ಣವನ್ನು ಕಂಡು ಹದವನ್ನು ಗುರುತಿಸಬೇಕು; ಹದ ಕಡಿಮೆಯಾದರೆ ಗುಳ ಮೊದಲ ಉಳುಮೆಯಲ್ಲೇ ಬಾಗುತ್ತದೆ, ಮಿತಿಮೀರಿದರೆ ಕಲ್ಲಿಗೆ ತಾಗಿದೊಡನೆ ಮುರಿಯುತ್ತದೆ. ಈ ವಿದ್ಯೆಗೆ ಪ್ರಮಾಣಪತ್ರವಿರಲಿಲ್ಲ, ಆದರೆ ಪರೀಕ್ಷೆಯಂತೂ ಖಂಡಿತ ಇತ್ತು: ಪರೀಕ್ಷಕ ರೈತ, ಪರೀಕ್ಷೆಯ ಸ್ಥಳ ಹೊಲ, ಅವಧಿ ಒಂದು ಪೂರ್ತಿ ಹಂಗಾಮು. ಹೀಗೆಂದ ಮಾತ್ರಕ್ಕೆ ಆ ವ್ಯವಸ್ಥೆಯನ್ನು ಕೊಂಡಾಡಬೇಕಾಗಿಲ್ಲ. ಕುಲುಮೆಯ ಬಾಗಿಲು ಹುಟ್ಟಿನಿಂದ ತೆರೆಯುತ್ತಿತ್ತು, ಹುಟ್ಟಿನಿಂದಲೇ ಮುಚ್ಚುತ್ತಿತ್ತು. ಹೆಣ್ಣುಮಕ್ಕಳ ದುಡಿಮೆ ಮನೆಯ ದುಡಿಮೆಯಲ್ಲಿ ಸೇರಿಹೋಗುತ್ತಿತ್ತೇ ಹೊರತು ಕಸುಬಿನ ಹಕ್ಕಾಗುತ್ತಿರಲಿಲ್ಲ. ಒಳಗಿದ್ದವನ ಕೈಯನ್ನು ಇಷ್ಟು ಚೊಕ್ಕವಾಗಿ ಅಳೆಯುತ್ತಿದ್ದ ಕ್ರಮಕ್ಕೆ, ಹೊರಗುಳಿದವರಲ್ಲಿ ಎಂತಹ ಕೈಗಳಿದ್ದವೆಂಬುದನ್ನು ಕಾಣುವ ಕಣ್ಣೇ ಇರಲಿಲ್ಲ.

ದಾವಣಗೆರೆಯ ಕಂಬಳಿಯ ಕಸುಬಿನಲ್ಲಿ ಪರೀಕ್ಷಕನ ಸ್ಥಾನಕ್ಕೆ ಪೇಟೆ ಬಂದಿತು. ಹೈದರಾಲಿ ಈ ಊರನ್ನು ಅಪ್ಪೋಜಿರಾಮನೆಂಬ ಮರಾಠ ಸರದಾರನಿಗೆ ಜಾಗೀರಾಗಿ ಕೊಟ್ಟ ಮೇಲೆ ವರ್ತಕರು ಬಂದು ನೆಲೆಸಿ ಪೇಟೆ ಬೆಳೆಯಿತು. 1801ರಲ್ಲಿ ಈ ಸೀಮೆಯನ್ನು ಹಾದುಹೋದ ಫ್ರಾನ್ಸಿಸ್ ಬುಕಾನನ್ ಕುರುಬ ನೇಕಾರರ ಕಂಬಳಿಯ ವಿಚಾರವನ್ನು ತನ್ನ ಪ್ರವಾಸ ಕಥನದಲ್ಲಿ ದಾಖಲಿಸಿದ್ದಾನೆ. ಕಂಬಳಿಯನ್ನು ಕೊಳ್ಳುವವನಿಗೆ ನೇಯ್ದವನ ಗುರು ಯಾರೆಂಬುದು ಬೇಕಿರಲಿಲ್ಲ. ಎಳೆಯ ನಯ, ನೇಯ್ಗೆಯ ಒತ್ತು, ನೀರು ತಡೆಯುವ ಗುಣ ಇವೇ ಬೆಲೆಯನ್ನು ಹೇಳುತ್ತಿದ್ದವು.

ತರಬೇತಿಯನ್ನು ರಾಜ್ಯವೇ ಕೊಡಬೇಕೆಂಬ ವಿಚಾರ ಮೈಸೂರು ಸಂಸ್ಥಾನದಲ್ಲಿ ಗಟ್ಟಿಯಾದದ್ದು 1911ರಲ್ಲಿ ಸ್ಥಾಪನೆಯಾದ ಮೈಸೂರು ಆರ್ಥಿಕ ಸಮ್ಮೇಳನದಿಂದ ಮತ್ತು ಅದರ ಹಿಂದಿನ ಚೇತನವಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ದಿವಾನರಾಗಿದ್ದ ಅವಧಿಯಲ್ಲಿ. ಮದ್ರಾಸಿನಲ್ಲಿ ಹೆಸರು ಮಾಡಿದ್ದ ಆಲ್ಫ್ರೆಡ್ ಚಾಟರ್ಟನ್ ಮೈಸೂರಿನ ಕೈಗಾರಿಕಾ ಇಲಾಖೆಯ ಹೊಣೆ ಹೊತ್ತದ್ದೂ, ಬೆಂಗಳೂರಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಶಾಲೆ ತೆರೆದದ್ದೂ, ಸಂಸ್ಥಾನದ ಹಲವೆಡೆ ಬಡಗಿ ಕೆಲಸ, ಕಮ್ಮಾರಿಕೆ, ನೇಯ್ಗೆ ಕಲಿಸುವ ಕೈಗಾರಿಕಾ ಶಾಲೆಗಳು ನಡೆದದ್ದೂ ಈ ಕಾಲದಲ್ಲಿಯೇ. ಇಂತಹ ಶಾಲೆಗಳ ಬಗ್ಗೆ ದೇಶದಾದ್ಯಂತ ಆಗಲೇ ಒಂದು ದೂರು ಇತ್ತು: ಕಸುಬಿನ ಮನೆತನದ ಹುಡುಗರು ಅಲ್ಲಿಗೆ ಬರುವುದು ಕಡಿಮೆ, ಬಂದವರಲ್ಲಿ ಅನೇಕರು ಕಲಿತ ಕಸುಬನ್ನು ಬಿಟ್ಟು ಗುಮಾಸ್ತಿಕೆ ಹುಡುಕುತ್ತಾರೆ. ಚಾಟರ್ಟನ್ ಸಹ ಸದಸ್ಯನಾಗಿದ್ದ 1916–18ರ ಭಾರತೀಯ ಕೈಗಾರಿಕಾ ಆಯೋಗ, ಕೈಗಾರಿಕಾ ಶಿಕ್ಷಣವು ಶಿಕ್ಷಣ ಇಲಾಖೆಯ ಕೈಯಲ್ಲಿರುವುದಕ್ಕಿಂತ ಕೈಗಾರಿಕಾ ಇಲಾಖೆಯ ಕೈಯಲ್ಲಿರುವುದು ಲೇಸೆಂದು ಹೇಳಿದ್ದರ ಹಿಂದೆ ಇದ್ದುದು ಇದೇ ಅರಿವು. ಕಸುಬನ್ನು ಓದು ಬರಹದಂತೆ ಕಲಿಸಿ ಓದು ಬರಹದಂತೆಯೇ ಪರೀಕ್ಷೆ ಮಾಡಿದಾಗ ಅಂಕವೇನೋ ಬರುತ್ತದೆ, ಕಸುಬು ಬಂದಿದೆಯೇ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ವಿಶ್ವೇಶ್ವರಯ್ಯನವರು ಇಳಿವಯಸ್ಸಿನಲ್ಲಿ ಮುತುವರ್ಜಿ ವಹಿಸಿ 1943ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಈ ಕೊರತೆಯನ್ನು ತುಂಬಲು, ಕಾರ್ಖಾನೆಗಳಿಗೆ ಬೇಕಾದ ಕೆಲಸಗಾರನನ್ನು ನೇರವಾಗಿ ಸಿದ್ಧಪಡಿಸಲು ಹುಟ್ಟಿದ ಸಂಸ್ಥೆ.

ಅಷ್ಟರಲ್ಲಿ ಹರಿಹರಕ್ಕೆ ಕಾರ್ಖಾನೆಯೇ ಬಂದಿತ್ತು. ಬೆಳಗಾವಿಯ ಗುರ್ಲಹೊಸೂರಿನಲ್ಲಿ ಹುಟ್ಟಿ, ಔಂಧ್ ಸಂಸ್ಥಾನದಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಉದ್ಯಮ ಮನೆತನ ಮೈಸೂರು ಸಂಸ್ಥಾನದ ನೆರವಿನೊಡನೆ 1941ರಲ್ಲಿ ಇಲ್ಲಿ ಮೈಸೂರು ಕಿರ್ಲೋಸ್ಕರ್ ಲಿಮಿಟೆಡ್ ಕಂಪನಿಯನ್ನು ಸ್ಥಾಪಿಸಿತು. ಎರಡನೆಯ ಮಹಾಯುದ್ಧದಿಂದಾಗಿ ಹೊರದೇಶಗಳ ಯಂತ್ರೋಪಕರಣ ಸಿಗದಂತಾಗಿ, ಲೇತ್‌ಗಳನ್ನು ಇಲ್ಲಿಯೇ ತಯಾರಿಸಬೇಕಾದ ಒತ್ತಡ ಹುಟ್ಟಿದ್ದ ಕಾಲ ಅದು. ಲೇತ್ ಎಂದರೆ ಲೋಹದ ತುಂಡನ್ನು ತಿರುಗಿಸುತ್ತಾ ಚಾಣದಿಂದ ಹೆರೆದು ಬೇಕಾದ ಆಕಾರಕ್ಕೆ ತರುವ ಯಂತ್ರ. ಬೇರೆ ಯಂತ್ರಗಳ ಭಾಗಗಳೆಲ್ಲ ಇದರ ಮೇಲೆ ಸಿದ್ಧವಾಗುವುದರಿಂದ ಇದನ್ನು ಯಂತ್ರಗಳ ತಾಯಿಯೆನ್ನುವುದುಂಟು. ತುಂಗಭದ್ರಾ ಹೊಳೆಯ ಆಚೆ ದಡ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ, ಈಚೆ ದಡ ಮೈಸೂರಿನ ಚಿತ್ರದುರ್ಗ ಜಿಲ್ಲೆ, ನಡುವೆ ರೈಲುದಾರಿ ಎಂಬಂತಿದ್ದ ಗಡಿಯ ಊರು ಇಂತಹ ಉದ್ಯಮಕ್ಕೆ ಒದಗಿತು. ಕಾರ್ಖಾನೆಯ ಸುತ್ತ ಬೆಳೆದ ಬಡಾವಣೆಗೆ ಯಂತ್ರಾಪುರವೆಂಬ ಹೆಸರೇ ಬಿದ್ದಿತು. ದೇಶ ಸ್ವತಂತ್ರವಾಗಿ, ಎಚ್‌ಎಂಟಿ ಬೆಂಗಳೂರಿನಲ್ಲಿ 1953ರಲ್ಲಿ ಹುಟ್ಟುವುದಕ್ಕೆ ಹನ್ನೆರಡು ವರ್ಷ ಮೊದಲೇ ಹರಿಹರದಲ್ಲಿ ಈ ವಿದ್ಯೆ ಬೇರೂರಿತ್ತೆಂಬುದನ್ನು ಕರ್ನಾಟಕದ ಕೈಗಾರಿಕಾ ಇತಿಹಾಸ ಬರೆಯುವವರು ಮರೆಯುವಂತಿಲ್ಲ.

ಲೇತ್ ಕಟ್ಟುವ ಕಾರ್ಖಾನೆಯಲ್ಲಿ ಕಲಿಕೆ ಹೇಗಿರುತ್ತದೆಂಬುದನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಅಗತ್ಯ, ಏಕೆಂದರೆ ತರಬೇತಿಯ ಫಲವನ್ನು ಅಳೆಯುವ ಅತ್ಯಂತ ಕಟ್ಟುನಿಟ್ಟಿನ ಕ್ರಮಗಳಲ್ಲಿ ಒಂದು ಅಲ್ಲಿ ಅಡಗಿದೆ. ಎರಕ ಹೊಯ್ದು ಯಂತ್ರದಲ್ಲಿ ಹೆರೆದು ತಂದ ಲೇತ್‌ನ ಬೆಡ್ಡು, ಅಂದರೆ ಚಾಣದ ಗಾಡಿ ಹಿಂದೆ ಮುಂದೆ ಸರಿಯುವ ತಳಪಾಯ, ಕಣ್ಣಿಗೆ ಕನ್ನಡಿಯಂತೆ ಕಂಡರೂ ಪೂರ್ತಿ ಸಮತಲವಾಗಿರುವುದಿಲ್ಲ. ಅಳತೆಗೆಂದೇ ಸಿದ್ಧಪಡಿಸಿದ ಪಟ್ಟಿಗೆ ನೀಲಿ ಬಣ್ಣವನ್ನು ತೆಳುವಾಗಿ ಸವರಿ ಬೆಡ್ಡಿನ ಮೇಲೆ ಆಡಿಸಿದಾಗ ಉಬ್ಬಿರುವ ಜಾಗಗಳಿಗೆ ಮಾತ್ರ ಬಣ್ಣ ಹತ್ತುತ್ತದೆ. ಕೆಲಸಗಾರ ಸ್ಕ್ರೇಪರಿನಿಂದ ಆ ನೀಲಿ ಚುಕ್ಕೆಗಳನ್ನಷ್ಟೇ ಕೆರೆದು, ಮತ್ತೆ ಬಣ್ಣ ಸವರಿ, ಮತ್ತೆ ಕೆರೆದು, ಚುಕ್ಕೆಗಳು ಇಡೀ ಮೈಮೇಲೆ ಸಮನಾಗಿ ಹರಡುವವರೆಗೆ ದುಡಿಯುತ್ತಾನೆ. ಈ ಕೆಲಸದಲ್ಲಿ ಉಳಿದ ಒಂದು ಸಣ್ಣ ಓರೆ ಆ ಲೇತಿನಲ್ಲಿ ಮುಂದೆ ಹೆರೆಯುವ ಪ್ರತಿಯೊಂದು ದಂಡಕ್ಕೂ ಇಳಿಯುತ್ತದೆ, ಉರುಳೆಯಾಗಬೇಕಾದದ್ದು ಒಂದು ತುದಿಯಲ್ಲಿ ಸಣ್ಣದಾಗುತ್ತದೆ. ಆದ್ದರಿಂದಲೇ ಸಿದ್ಧವಾದ ಲೇತಿನ ಮೇಲೆ ದಂಡವೊಂದನ್ನು ಹೆರೆದು ಎರಡೂ ತುದಿಗಳ ವ್ಯಾಸವನ್ನು ಮೈಕ್ರೋಮೀಟರಿನಿಂದ ಅಳೆದು ನೋಡಿದ ಬಳಿಕವೇ ಯಂತ್ರ ಹೊರಗೆ ಹೋಗುವುದು. ಹೊಸಬನ ಕೈಯ ದೋಷ ಇಲ್ಲಿ ಮೇಸ್ತ್ರಿಯ ಅಭಿಪ್ರಾಯವಾಗಿ ಉಳಿಯದೆ ಅಂಕಿಯಾಗಿ ಬರುತ್ತಿತ್ತು. ಆ ಅಂಕಿಯನ್ನು ಒಪ್ಪುವ ಅಥವಾ ತಿರಸ್ಕರಿಸುವ ಗ್ರಾಹಕ ದೇಶದ ಯಾವ ಮೂಲೆಯಲ್ಲಾದರೂ ಇರಬಹುದಿತ್ತು. ಟರ್ನ್‌ಮಾಸ್ಟರ್ ಮುಂತಾದ ಹರಿಹರದ ಲೇತ್‌ಗಳು ಇಂದಿಗೂ ಎಷ್ಟೋ ಸಣ್ಣ ಯಂತ್ರಶಾಲೆಗಳಲ್ಲಿ ತಿರುಗುತ್ತಿರುವುದನ್ನು, ಆ ಕೈಗಳಿಗೆ ಸಿಕ್ಕ ತರಬೇತಿಯ ಬಗ್ಗೆ ಯಾವ ವರದಿಗಿಂತಲೂ ಬಲವಾದ ಸಾಕ್ಷ್ಯವೆಂದು ಪರಿಗಣಿಸಬೇಕು.

ದಾವಣಗೆರೆಯ ಹತ್ತಿ ಗಿರಣಿಗಳಲ್ಲಿ ಸ್ಥಿತಿ ಬೇರೆಯಾಗಿತ್ತು. 1930ರ ದಶಕದಿಂದ ಒಂದೊಂದಾಗಿ ಎದ್ದು ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ತಂದ ಗಿರಣಿಗಳಲ್ಲಿ, ಭಾರತದ ಬೇರೆಡೆಯ ಗಿರಣಿಗಳಲ್ಲಿದ್ದಂತೆ, ಕಾಯಂ ಕೆಲಸಗಾರ ಬರದ ದಿನ ಅವನ ಜಾಗದಲ್ಲಿ ನಿಲ್ಲುವ ಬದಲಿ ಕಾರ್ಮಿಕನಾಗಿಯೇ ಹೆಚ್ಚಿನವರು ಕೆಲಸ ಕಲಿತರು. ಕಲಿಕೆಗೆ ಖರ್ಚಿಲ್ಲ, ಕಲಿಯುವವನಿಗೆ ಭದ್ರತೆಯೂ ಇಲ್ಲ.

ಸ್ವತಂತ್ರ ಭಾರತದ ಸರ್ಕಾರಿ ತರಬೇತಿಯ ಬೇರುಗಳೂ ಯುದ್ಧದಲ್ಲಿಯೇ ಇವೆ. 1940ರಲ್ಲಿ ಯುದ್ಧದ ಕಾರ್ಖಾನೆಗಳಿಗಾಗಿ ತಂತ್ರಜ್ಞರನ್ನು ತಯಾರಿಸುವ ಯೋಜನೆ ಆರಂಭವಾಯಿತು. ಯುದ್ಧ ಮುಗಿದು ಬಿಡುಗಡೆಯಾದ ಸೈನಿಕರಿಗೆ ಬದುಕು ಕಟ್ಟಿಕೊಡಲು 1945ರಲ್ಲಿ ಪುನರ್ವಸತಿ ಮತ್ತು ಉದ್ಯೋಗ ಮಹಾನಿರ್ದೇಶನಾಲಯ ಹುಟ್ಟಿತು. ಅದರಿಂದ 1950ರಲ್ಲಿ ಕುಶಲಕರ್ಮಿ ತರಬೇತಿ ಯೋಜನೆ ಬೆಳೆಯಿತು. ಆರಂಭದಲ್ಲಿ ಸುಮಾರು 50 ಸಂಸ್ಥೆಗಳು, 10,000 ಸೀಟುಗಳಿದ್ದ ಈ ಯೋಜನೆಯ ಕೇಂದ್ರಗಳೇ ಇಂದು ಜನ ಐಟಿಐ ಎಂದು ಕರೆಯುವ ಕೈಗಾರಿಕಾ ತರಬೇತಿ ಸಂಸ್ಥೆಗಳು. ಮಂಗಳೂರು ಮೂಲದ ಬೆನಗಲ್ ಶಿವರಾಯರ ಅಧ್ಯಕ್ಷತೆಯ ಸಮಿತಿಯ ಶಿಫಾರಸಿನಂತೆ ಇವುಗಳ ದೈನಂದಿನ ಆಡಳಿತ ರಾಜ್ಯಗಳಿಗೆ ವರ್ಗವಾದದ್ದು 1956ರ ನವೆಂಬರ್ 1ರಂದು, ಅಂದರೆ ಹರಿಹರದ ಎರಡು ದಡಗಳೂ ಒಂದೇ ರಾಜ್ಯಕ್ಕೆ ಸೇರಿದ ಅದೇ ದಿನ. ಅದೇ ವರ್ಷ ಪಠ್ಯಕ್ರಮ ಮತ್ತು ಪರೀಕ್ಷೆಗಳನ್ನು ದೇಶಕ್ಕೆಲ್ಲ ಒಂದೇ ಬಗೆಯಾಗಿಸಲು ರಾಷ್ಟ್ರೀಯ ಮಂಡಳಿಯೂ ರಚನೆಯಾಯಿತು.

ಈ ಮಂಡಳಿ ರೂಪಿಸಿದ ಟ್ರೇಡ್ ಟೆಸ್ಟ್, ಎಂದರೆ ಕಸುಬಿನ ಪರೀಕ್ಷೆ, ತನ್ನ ಮಿತಿಯಲ್ಲಿ ಪ್ರಾಮಾಣಿಕವಾದ ಪರೀಕ್ಷೆ. ಫಿಟ್ಟರ್ ವಿಭಾಗದ ಅಭ್ಯರ್ಥಿಗೆ ಮೆದು ಉಕ್ಕಿನ ತುಂಡುಗಳನ್ನೂ ಒಂದು ನಕ್ಷೆಯನ್ನೂ ಕೊಡುತ್ತಾರೆ. ಅವನು ತುಂಡನ್ನು ವೈಸಿಗೆ ಬಿಗಿದು, ಹ್ಯಾಕ್‌ಸಾದಿಂದ ಕೊಯ್ದು, ಅರದಿಂದ ಉಜ್ಜಿ, ಟ್ರೈ ಸ್ಕ್ವೇರನ್ನು ಮೂಲೆಗೆ ಒತ್ತಿ ಬೆಳಕಿಗೆ ಹಿಡಿದು, ನಡುವೆ ಬೆಳಕು ನುಸುಳದಂತಾಗುವವರೆಗೆ ತಿದ್ದಿ, ಒಂದು ತುಂಡಿನ ಚಾಚು ಇನ್ನೊಂದರ ಗುಂಡಿಯಲ್ಲಿ ಸಡಿಲವಿಲ್ಲದೆ ಕೂರುವಂತೆ ಮಾಡಬೇಕು. ಕೈಯಲ್ಲಿ ವಿದ್ಯೆ ಇದೆಯೇ ಎಂಬುದನ್ನು ಇದು ನಿಸ್ಸಂದೇಹವಾಗಿ ಹೇಳುತ್ತದೆ. ಆ ವಿದ್ಯೆಗೆ ಕೆಲಸವಿದೆಯೇ, ಎರಡು ವರ್ಷದ ಕಲಿಕೆ ಆ ಹುಡುಗನ ಬದುಕಿಗೆ ಏನನ್ನು ಸೇರಿಸಿತು ಎಂಬುದನ್ನು ಹೇಳುವ ಶಕ್ತಿ ಅದಕ್ಕಿಲ್ಲ. ಹರಿಹರದಲ್ಲಿ ಈ ಕೊರತೆ ಬಹುಕಾಲ ಯಾರಿಗೂ ಕಾಣಿಸಲಿಲ್ಲ, ಏಕೆಂದರೆ ಪರೀಕ್ಷೆ ಮುಗಿದವನ ಎದುರಿಗೇ ಕಾರ್ಖಾನೆಯ ಗೇಟು ಇತ್ತು. ನಿಗದಿತ ವೃತ್ತಿಗಳಲ್ಲಿ ಇಂತಿಷ್ಟು ಮಂದಿಗೆ ಸ್ಥಳದಲ್ಲೇ ಕೆಲಸ ಕಲಿಸಬೇಕೆಂದು ಉದ್ಯಮಗಳನ್ನು ಕಾನೂನಿನಿಂದ ಬದ್ಧಗೊಳಿಸಿದ 1961ರ ಅಪ್ರೆಂಟಿಸ್ ಕಾಯ್ದೆ ಗೇಟಿನೊಳಗೆ ದಾರಿ ಮಾಡಿತು; 1970ರ ದಶಕದಲ್ಲಿ ಹೊಳೆಯ ಆಚೆ ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಎದ್ದಾಗ ಫಿಟ್ಟರ್, ವೆಲ್ಡರ್, ಎಲೆಕ್ಟ್ರಿಷಿಯನ್‌ಗಳಿಗೆ ಇನ್ನೊಂದು ಗೇಟು ತೆರೆಯಿತು. ತರಬೇತಿ ಸಫಲವೆಂದು ಆ ವರ್ಷಗಳಲ್ಲಿ ಎಲ್ಲರೂ ನಂಬಿದ್ದರು. ಆ ಸಫಲತೆಯಲ್ಲಿ ತರಬೇತಿಯ ಪಾಲೆಷ್ಟು, ಕಾರ್ಖಾನೆಯ ಪಾಲೆಷ್ಟು ಎಂದು ಬಿಡಿಸಿ ನೋಡುವ ಸಂದರ್ಭವೇ ಒದಗಿರಲಿಲ್ಲ.

ಕಾರ್ಖಾನೆಯಿಂದ ದೂರವಿದ್ದ ಕಡೆ ಆ ಪ್ರಶ್ನೆ ಬೇಗನೆ ಎದ್ದಿತು. ಪ್ರೌಢ ಶಿಕ್ಷಣವನ್ನು ವೃತ್ತಿಪರಗೊಳಿಸಬೇಕೆಂಬ ಕೊಠಾರಿ ಶಿಕ್ಷಣ ಆಯೋಗದ ಸಲಹೆಯನ್ನು ಮೊದಲಿಗೆ ಕೈಗೆತ್ತಿಕೊಂಡ ರಾಜ್ಯಗಳಲ್ಲಿ ಕರ್ನಾಟಕವೂ ಒಂದಾಗಿ, 1977–78ರಲ್ಲಿ ಪದವಿಪೂರ್ವ ಹಂತದಲ್ಲಿ ಜೆಒಸಿ ಎಂದು ಪರಿಚಿತವಾದ ಉದ್ಯೋಗಾಧಾರಿತ ಕೋರ್ಸುಗಳು ಆರಂಭವಾದವು. ಮೂರು ದಶಕಗಳ ಕಾಲ ನಡೆದ ಈ ಪ್ರಯೋಗದ ಕೊನೆಯ ಅಧ್ಯಾಯ ಕಲಿತವರನ್ನು ಕುರಿತದ್ದಾಗಿರದೆ ಕಲಿಸಿದವರನ್ನು ಕುರಿತದ್ದಾಯಿತು: ಅರೆಕಾಲಿಕವಾಗಿ ವರ್ಷಗಟ್ಟಲೆ ದುಡಿದಿದ್ದ ಬೋಧಕರನ್ನು ಸರ್ಕಾರಿ ಸೇವೆಗೆ ವಿಲೀನಗೊಳಿಸಲು 2011ರಲ್ಲಿ ಕಾಯ್ದೆಯೇ ಬಂದಿತು. ಬೋಧಕರ ಬೇಡಿಕೆ ನ್ಯಾಯವಾದದ್ದೇ. ಆದರೂ ಒಂದು ತರಬೇತಿ ಯೋಜನೆಯ ಬಗ್ಗೆ ಸಾರ್ವಜನಿಕ ಚರ್ಚೆಯ ಕೇಂದ್ರ ವಿದ್ಯಾರ್ಥಿಯಿಂದ ಸಿಬ್ಬಂದಿಗೆ ಸರಿದದ್ದು ಖೇದಕರ.

ಗ್ರಾಮೀಣ ಯುವಜನರ ಸ್ವಉದ್ಯೋಗ ತರಬೇತಿಗೆಂದು 1979ರ ಆಗಸ್ಟ್ 15ರಂದು ಆರಂಭವಾದ ಟ್ರೈಸೆಮ್ ಯೋಜನೆ ನಂದಿಗುಡಿಯಂತಹ ಊರುಗಳನ್ನೇ ಕಣ್ಣಮುಂದೆ ಇಟ್ಟುಕೊಂಡು ರೂಪಿಸಿದ್ದು. ಬಡ ಕುಟುಂಬಗಳ 18ರಿಂದ 35 ವರ್ಷದವರಿಗೆ ಶಿಷ್ಯವೇತನ ಕೊಟ್ಟು ಕಸುಬು ಕಲಿಸಿ, ಬ್ಯಾಂಕಿನ ಸಾಲದಿಂದ ಅಂಗಡಿ ಹಾಕಿಸಬೇಕೆಂಬುದು ಅದರ ಗುರಿ. 1993ರಲ್ಲಿ ಯೋಜನೆಯ ಹೊಣೆ ಹೊತ್ತಿದ್ದ ಕೇಂದ್ರ ಸಚಿವಾಲಯವೇ ನಡೆಸಿದ ತ್ವರಿತ ಅಧ್ಯಯನದ ಪ್ರಕಾರ ತರಬೇತಿ ಪಡೆದವರಲ್ಲಿ ಸುಮಾರು ಶೇ. 47ರಷ್ಟು ಮಂದಿ ನಿರುದ್ಯೋಗಿಗಳಾಗಿಯೇ ಉಳಿದಿದ್ದರು. ಸ್ವಉದ್ಯೋಗಕ್ಕೆ ಇಳಿದವರು ಸುಮಾರು ಶೇ. 32, ಅವರಲ್ಲೂ ಕೆಲವರು ಹಿಡಿದದ್ದು ಕಲಿತ ಕಸುಬನ್ನು ಬಿಟ್ಟು ಬೇರೊಂದನ್ನು. ನಿರಾಶೆಯ ಈ ಅಂಕಿಗಳನ್ನು ಸರ್ಕಾರವೇ ಪ್ರಕಟಿಸಿದ್ದು ಮೆಚ್ಚತಕ್ಕದ್ದು, ಏಕೆಂದರೆ ತರಬೇತಿ ಮುಗಿಸಿದವರ ಸಂಖ್ಯೆಯನ್ನು ಬಿಟ್ಟು ತರಬೇತಿಯ ನಂತರದ ಬದುಕನ್ನು ಎಣಿಸುವ ಪ್ರಯತ್ನ ಇಲ್ಲಿದೆ. ಅಂಕಿಗಳು ಹೇಳದೆ ಬಿಟ್ಟದ್ದೂ ಒಂದಿದೆ: ತರಬೇತಿಯೇ ಇಲ್ಲದಿದ್ದರೆ ಆ ಶೇ. 32ರಲ್ಲಿ ಎಷ್ಟು ಮಂದಿ ತಾವಾಗಿಯೇ ಅಂಗಡಿ ತೆರೆಯುತ್ತಿದ್ದರು?

ಈ ಪ್ರಶ್ನೆಯೇ ಮೌಲ್ಯಮಾಪನ ಶಾಸ್ತ್ರದ ತಿರುಳು. ಅಮೆರಿಕದಲ್ಲಿ 1962ರ ತರಬೇತಿ ಕಾಯ್ದೆಯಂತೆ ನಡೆದ ತರಬೇತಿಗಳನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞ ಓರ್ಲಿ ಆಶೆನ್‌ಫೆಲ್ಟರ್ 1978ರಲ್ಲಿ ಒಂದು ವಿಚಿತ್ರವನ್ನು ಗುರುತಿಸಿದರು: ತರಬೇತಿಗೆ ಸೇರಿದವರ ಸಂಪಾದನೆ ಸೇರುವ ಮುಂಚಿನ ವರ್ಷದಲ್ಲಿ ಥಟ್ಟನೆ ಕುಸಿದಿರುತ್ತಿತ್ತು. ಕೆಲಸ ಕಳೆದುಕೊಂಡವರೇ ತರಬೇತಿಗೆ ಬರುವುದರಿಂದ ಇದು ಸಹಜ. ಆದರೆ ಕುಸಿದ ಸಂಪಾದನೆ ಕಾಲಕ್ರಮದಲ್ಲಿ ತಾನಾಗಿಯೇ ಸ್ವಲ್ಪ ಮೇಲೇಳುವುದರಿಂದ, ಮುಂಚಿನ ಮತ್ತು ನಂತರದ ಆದಾಯವನ್ನು ಹೋಲಿಸಿ ಅಂತರವನ್ನೆಲ್ಲ ತರಬೇತಿಯ ಖಾತೆಗೆ ಬರೆದರೆ ಲೆಕ್ಕ ತಪ್ಪುತ್ತದೆ. 1986ರಲ್ಲಿ ರಾಬರ್ಟ್ ಲಲೋಂಡ್ ಇನ್ನೂ ಮುಂದೆ ಹೋಗಿ, ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಕೆಲವರಿಗೆ ಅವಕಾಶ ಕೊಟ್ಟು ಕೆಲವರಿಗೆ ಕೊಡದೆ ನಡೆಸಿದ್ದ ಕಾರ್ಯಕ್ರಮವೊಂದರ ಫಲಿತಾಂಶವನ್ನು, ಸಮೀಕ್ಷೆಗಳಿಂದ ಆರಿಸಿದ ಬೇರೆ ಜನರೊಡನೆ ಹೋಲಿಸಿ ಪಡೆದ ಅಂದಾಜುಗಳ ಎದುರಿಗಿಟ್ಟು, ಎರಡನೆಯ ವಿಧಾನ ಎಷ್ಟು ದೂರ ದಾರಿ ತಪ್ಪಿಸಬಲ್ಲದೆಂದು ತೋರಿಸಿದರು.

ಹರಿಹರಕ್ಕೆ ಈ ಪಾಠ ಪುಸ್ತಕದಲ್ಲಿ ಉಳಿಯುವಂತಹದಲ್ಲ. ಗಣಕದಿಂದ ನಡೆಯುವ ಹೊಸ ಯಂತ್ರಗಳು, ಆಮದಿನ ಪೈಪೋಟಿ, ಸಾಲದ ಹೊರೆ ಇವುಗಳ ನಡುವೆ ಮೈಸೂರು ಕಿರ್ಲೋಸ್ಕರ್ ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಮುಚ್ಚಿತು. ದಾವಣಗೆರೆಯ ಗಿರಣಿಗಳ ಸದ್ದು ಅದಕ್ಕೂ ಮುಂಚೆಯೇ ಅಡಗುತ್ತಾ ಬಂದಿತ್ತು. ಟರ್ನರನ ಕೈಯ ವಿದ್ಯೆ ಗೇಟು ಮುಚ್ಚಿದ ಮರುದಿನ ಕಡಿಮೆಯಾಗಿರಲಿಲ್ಲ. ಕಡಿಮೆಯಾದದ್ದು ಆ ವಿದ್ಯೆಗೆ ಊರಿನಲ್ಲಿ ಸಿಗುವ ಕೂಲಿ. ಅದೇ ಪಠ್ಯ, ಅದೇ ಟ್ರೇಡ್ ಟೆಸ್ಟ್, ಅದೇ ಮುದ್ರೆಯ ಪ್ರಮಾಣಪತ್ರ 1975ರಲ್ಲಿ ಒಂದು ಫಲ ಕೊಟ್ಟು 2005ರಲ್ಲಿ ಇನ್ನೊಂದನ್ನು ಕೊಟ್ಟಿತೆಂದರೆ, ತರಬೇತಿಯ ಪರಿಣಾಮವೆಂಬುದು ತರಬೇತಿಯ ಒಳಗೇ ಇರುವ ಗುಣವಲ್ಲವೆಂದು ಒಪ್ಪಬೇಕಾಗುತ್ತದೆ. ಕೆಲಸ ಕಳೆದುಕೊಂಡವರ ಮೊದಲ ವರ್ಷದ ಆದಾಯವನ್ನಷ್ಟೇ ಅಳೆದರೆ ಹಳೆಯ ತರಬೇತಿ ಸೋತಂತೆ ಕಾಣುತ್ತದೆ. ಆದರೆ ಆ ಕೈಗಳಲ್ಲಿ ಕೆಲವು ಸಣ್ಣ ಯಂತ್ರಶಾಲೆಗಳನ್ನು ಹಿಡಿದವು, ಕೆಲವು ಪುಣೆ, ಬೆಂಗಳೂರಿನ ದಾರಿ ಕಂಡುಕೊಂಡವು. ನಾಲೆಯ ನೀರಿನಿಂದ ಹಬ್ಬಿದ ಭತ್ತದ ಬೇಸಾಯ ಟ್ರ್ಯಾಕ್ಟರ್, ಪವರ್ ಟಿಲ್ಲರ್, ಪಂಪ್‌ಸೆಟ್, ಕಟಾವು ಯಂತ್ರಗಳನ್ನು ಹಳ್ಳಿಗಳಿಗೆ ತಂದು, ವೆಲ್ಡಿಂಗಿಗೂ ಮೋಟಾರ್ ರಿವೈಂಡಿಂಗಿಗೂ ಮಲೇಬೆನ್ನೂರಿನ ಸುತ್ತ ಹೊಸ ಬೇಡಿಕೆಯನ್ನು ಹುಟ್ಟಿಸಿತು. ನಾಲೆಯ ಕೊನೆಯಂಚಿಗೆ ನೀರು ಬಂದ ವಾರದಲ್ಲೇ ಮೋಟಾರು ಸುಟ್ಟ ರೈತನಿಗೆ ಮತ್ತೆ ಸುತ್ತಿಕೊಟ್ಟ ಮೋಟಾರು ಬೆಳೆ ಕೈಗೆ ಬರುವವರೆಗೆ ಓಡಿತೇ ಎಂಬುದಷ್ಟೇ ಮುಖ್ಯ. ಕುಲುಮೆಯ ಕಾಲದ ಪರೀಕ್ಷಕ ಹೀಗೆ ಬೇರೊಂದು ಕಸುಬಿಗೆ ಮರಳಿದ್ದಾನೆ.

ಹೆಣ್ಣುಮಕ್ಕಳ ಮಟ್ಟಿಗೆ ತರಬೇತಿಯೆಂದರೆ ದಶಕಗಟ್ಟಲೆ ಹೊಲಿಗೆಯೆಂದೇ ಅರ್ಥವಾಗಿತ್ತು. ಹೊಲಿಗೆ ಕಲಿತವರು ಮನೆಯಲ್ಲೇ ಉಳಿಯುತ್ತಾರೆ, ಆದ್ದರಿಂದ ಈ ತರಬೇತಿ ವ್ಯರ್ಥವೆಂಬ ಅವಸರದ ತೀರ್ಮಾನ ಕೇಳಿಬರುವುದುಂಟು. ಗಂಭೀರ ಅಧ್ಯಯನಗಳು ಬೇರೆಯದನ್ನೇ ಹೇಳುತ್ತವೆ. ದೆಹಲಿಯ ಬಡ ಬಸ್ತಿಗಳಲ್ಲಿ ಆರು ತಿಂಗಳ ಹೊಲಿಗೆ ತರಬೇತಿಯ ಅವಕಾಶವನ್ನು ಯಾದೃಚ್ಛಿಕವಾಗಿ ಹಂಚಿ, ಪುಷ್ಕರ್ ಮೈತ್ರಾ ಮತ್ತು ಶುಭಾ ಮಣಿ ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅವಕಾಶ ಸಿಕ್ಕ ಮಹಿಳೆಯರು ದುಡಿಮೆಯಲ್ಲಿ ತೊಡಗುವ ಸಂಭವ ಉಳಿದವರಿಗಿಂತ 6 ಶೇಕಡಾಂಶ ಹೆಚ್ಚಾಗಿತ್ತು, ಆ ಲಾಭ ಹದಿನೆಂಟು ತಿಂಗಳ ನಂತರವೂ ಉಳಿದಿತ್ತು. ಕೊಲಂಬಿಯಾ ದೇಶದಲ್ಲಿ 2005ರಲ್ಲಿ ಮೂರು ತಿಂಗಳ ಪಾಠಕ್ಕೆ ಕಂಪನಿಗಳಲ್ಲಿ ಮೂರು ತಿಂಗಳ ಕೆಲಸವನ್ನು ಜೋಡಿಸಿ ನಡೆಸಿದ ತರಬೇತಿಯಲ್ಲಿಯೂ ಯುವತಿಯರ ಸಂಪಾದನೆ ಸುಮಾರು ಶೇ. 20ರಷ್ಟು ಏರಿತ್ತು. ದೆಹಲಿಯ ಅಧ್ಯಯನ ಗುರುತಿಸಿದ ಅಡ್ಡಿಗಳು ಹರಿಹರ ತಾಲ್ಲೂಕಿನ ಹಳ್ಳಿಗಳಲ್ಲಿ ಯಾರಿಗೂ ಹೊಸತೆನಿಸಲಾರವು: ಕೇಂದ್ರಕ್ಕೆ ಇರುವ ದೂರ, ಮಗುವನ್ನು ನೋಡಿಕೊಳ್ಳುವವರಿಲ್ಲದಿರುವುದು, ಕಲಿತ ಮೇಲೆ ಯಂತ್ರ ಕೊಳ್ಳಲು ಸಾಲ ಸಿಗದಿರುವುದು. ನಂದಿಗುಡಿಯಿಂದ ಹರಿಹರಕ್ಕೆ ಬಸ್ಸು ಹಿಡಿದು ಹೋಗಿ ಸಂಜೆಯೊಳಗೆ ಮನೆ ಸೇರಬೇಕಾದ ಸೊಸೆಯೊಬ್ಬಳು ನಡುವೆಯೇ ತರಬೇತಿ ಬಿಟ್ಟರೆ, ಅದನ್ನು ಅವಳ ನಿರಾಸಕ್ತಿಯೆಂದು ಬರೆದುಕೊಳ್ಳುವ ನಮೂನೆ ಬಸ್ಸಿನ ವೇಳಾಪಟ್ಟಿಯ ತಪ್ಪನ್ನು ಅವಳ ತಲೆಗೆ ಕಟ್ಟುತ್ತದೆ.

ಪರೀಕ್ಷೆಯ ಕಾಲವನ್ನು ಮುಂದಕ್ಕೆ ಹಾಕಿದ ಒಂದು ಪ್ರಯೋಗ ಕರ್ನಾಟಕದಲ್ಲಿಯೇ ಹುಟ್ಟಿತೆಂಬುದು ಇಲ್ಲಿ ಉಲ್ಲೇಖನೀಯ. ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕುಗಳ ಸಹಯೋಗದೊಡನೆ 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆ ಅಲ್ಪಾವಧಿಯ ತರಬೇತಿಗೆ ಬ್ಯಾಂಕಿನ ಸಾಲವನ್ನೂ ದೀರ್ಘಾವಧಿಯ ಬೆನ್ನುಕಾಯುವಿಕೆಯನ್ನೂ ಜೋಡಿಸಿತು. ಈ ಮಾದರಿಯನ್ನು ಕೇಂದ್ರ ಸರ್ಕಾರ ದೇಶದ ಜಿಲ್ಲೆಗಳಿಗೆಲ್ಲ ವಿಸ್ತರಿಸಿದಾಗ, ತರಬೇತಿ ಮುಗಿದ ಮೇಲೆ ಎರಡು ವರ್ಷ ಅಭ್ಯರ್ಥಿಯ ಸಂಪರ್ಕದಲ್ಲಿದ್ದು ಅವನು ನೆಲೆನಿಂತನೇ ಎಂದು ನೋಡುವುದು ನಿಯಮವಾಯಿತು. ಇದಕ್ಕೆ ಎದುರಾಗಿ 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯ ಎರಡನೆಯ ಹಂತದಲ್ಲಿ, ತರಬೇತಿ ಕೊಡುವ ಸಂಸ್ಥೆಗೆ ಹಣದ ಶೇ. 30 ಆರಂಭದಲ್ಲಿ, ಶೇ. 50 ಪ್ರಮಾಣಪತ್ರ ನೀಡಿದಾಗ, ಉಳಿದ ಶೇ. 20 ಮಾತ್ರ ಅಭ್ಯರ್ಥಿ ತೊಂಬತ್ತು ದಿನಗಳೊಳಗೆ ಕೆಲಸಕ್ಕೆ ಸೇರಿದಾಗ ಸಿಗುತ್ತಿತ್ತು. ಹಣದ ಎಂಬತ್ತು ಪಾಲು ಪ್ರಮಾಣಪತ್ರದ ದಿನಕ್ಕೇ ಮುಗಿಯುವಾಗ ಸಂಸ್ಥೆಯ ಗಮನ ಎತ್ತ ಹರಿಯುತ್ತದೆಂದು ಊಹಿಸುವುದು ಕಷ್ಟವಲ್ಲ. ಇದೇ ಯೋಜನೆಯ ಅಂಗವಾದ ಪೂರ್ವಕಲಿಕೆಯ ಮಾನ್ಯತೆ, ಎಂದರೆ ಮೊದಲೇ ಬಲ್ಲ ಕಸುಬಿಗೆ ಕಿರು ಪರೀಕ್ಷೆಯ ನಂತರ ಪತ್ರ ಕೊಡುವ ಕ್ರಮ, ಕೆಲಸಗಾರನ ಘನತೆಯ ದೃಷ್ಟಿಯಿಂದ ಸ್ವಾಗತಾರ್ಹ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ಕಾದ ಮರಳಿನ ಬಿಸಿಯನ್ನು ಅಂದಾಜಿಸಿ ಅಕ್ಕಿ ಸೀಯದಂತೆ ಅರಳಿಸುವ ಕೈಗೆ ಒಂದು ಮನ್ನಣೆ ದೊರೆತರೆ ಅದು ನ್ಯಾಯವೇ. ಆದರೆ ಆ ಪತ್ರವನ್ನು ಹೊಸದಾಗಿ ತರಬೇತಾದವರ ಲೆಕ್ಕಕ್ಕೆ ಸೇರಿಸಿದರೆ, ತರಬೇತಿ ಕಲಿಸದೆ ಇದ್ದದ್ದನ್ನು ತರಬೇತಿಯ ಫಲವೆಂದು ತೋರಿಸಿದಂತಾಗುತ್ತದೆ.

ಹರಿಹರದಲ್ಲಿ ಇಂದು ಸರ್ಕಾರಿ ಟೂಲ್ ರೂಂ ಮತ್ತು ತರಬೇತಿ ಕೇಂದ್ರವಿದೆ. ಡೆನ್ಮಾರ್ಕ್ ಸರ್ಕಾರದ ಸಹಕಾರದಿಂದ 1972ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ, ಉಪಕರಣ ಮತ್ತು ಅಚ್ಚುಗಳ ತಯಾರಿಕೆಯನ್ನು ಉತ್ಪಾದನೆಯ ಜೊತೆಯಲ್ಲೇ ಕಲಿಸುವ ಸಂಸ್ಥೆಯ ಕವಲು ಅದು. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ಆಧುನಿಕ ಯಂತ್ರಗಳಿಂದ ಸಜ್ಜುಗೊಳಿಸುವ ಕೆಲಸವೂ ಈಚಿನ ವರ್ಷಗಳಲ್ಲಿ ನಡೆದಿದೆ. ಇವುಗಳ ಫಲವನ್ನು ಅಳೆಯಲು ದೊಡ್ಡ ಪ್ರಯೋಗದ ಅಗತ್ಯವಿಲ್ಲ, ಬೇಕಾದ ಹೋಲಿಕೆ ಪ್ರವೇಶದ ಪಟ್ಟಿಯಲ್ಲಿಯೇ ಇದೆ. ಎಸ್ಸೆಸ್ಸೆಲ್ಸಿ ಅಂಕಗಳ ಆಧಾರದ ಮೇಲೆ ಸೀಟು ಹಂಚಿದಾಗ, ಕೊನೆಯ ಸೀಟು ಪಡೆದವನಿಗೂ ಒಂದೆರಡು ಅಂಕಗಳಿಂದ ಸೀಟು ತಪ್ಪಿದವನಿಗೂ ಬುದ್ಧಿಯಲ್ಲಾಗಲಿ ಮನೆಯ ಸ್ಥಿತಿಯಲ್ಲಾಗಲಿ ಹೇಳಿಕೊಳ್ಳುವಂತಹ ಅಂತರವಿರುವುದಿಲ್ಲ. ಐದು ವರ್ಷಗಳ ನಂತರ ಇಬ್ಬರ ಮನೆಗೂ ಹೋಗಿ, ಯಾರು ಎಲ್ಲಿ ದುಡಿಯುತ್ತಿದ್ದಾರೆ, ತಿಂಗಳಿಗೆ ಎಷ್ಟು ಕೈಸೇರುತ್ತಿದೆ, ಕಲಿತ ಕಸುಬಿನಲ್ಲಿಯೇ ಇದ್ದಾರೆಯೇ ಎಂದು ಕೇಳಿ ಬರೆದುಕೊಂಡರೆ ತರಬೇತಿ ಸೇರಿಸಿದ್ದೆಷ್ಟೆಂಬುದು ಗೊತ್ತಾಗುತ್ತದೆ. ಇದಕ್ಕೆ ಬೇಕಾದುದು ಸೀಟು ಸಿಗದವರ ಹೆಸರು ಮತ್ತು ವಿಳಾಸಗಳನ್ನೂ ಐದು ವರ್ಷ ಕಾಪಾಡಿಡುವ ಒಂದು ದಫ್ತರ, ಮತ್ತು ಹರಿಹರದಿಂದ ನಂದಿಗುಡಿಯವರೆಗೆ ಹೋಗಿ ಬಾಗಿಲು ತಟ್ಟಬಲ್ಲ ಇಬ್ಬರು ಕ್ಷೇತ್ರ ಸಿಬ್ಬಂದಿ.